ಮುಂಬಯಿಯಲ್ಲಿ ನಾಲ್ಕು ದಿನ: ಶಿರಸಿಯ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಿಮ್ಮ ಪ್ರಶ್ನೆ ಈಗ ನೋಡಿದೆ. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಮುಂಬಯಿಗೆ ನಾಲ್ಕು ದಿನ, ಮಂಡಿನೋವಿನ ಅತ್ತೆಯವರು ಮತ್ತು ಇಬ್ಬರು ಮಕ್ಕಳು ಸೇರಿ ಐದು ಜನ. ಬೆಳಿಗ್ಗೆ ಹತ್ತಿಸಿಕೊಂಡು ರಾತ್ರಿಯೊಳಗೆ ಎಲ್ಲ ಪಾಯಿಂಟ್ ತೋರಿಸುವ ಬಸ್ಸಿಗೆ ಸೀಟು ಹಿಡಿಯಲೇ ಅಂತ ಕೇಳಿದ್ದೀರಿ. ಹಿಡಿಯಬೇಡಿ. ಆ ಬಸ್ಸಿನಲ್ಲಿ ನೀವು ನೋಡುವುದು ಟ್ರಾಫಿಕ್ ಮಾತ್ರ. ಹದಿನೈದು ನಿಮಿಷಕ್ಕೊಮ್ಮೆ ಇಳಿ, ಹತ್ತು ಅಂತ ಅವಸರ ಮಾಡಿದರೆ ಅತ್ತೆಯವರ ಮಂಡಿ ಮಧ್ಯಾಹ್ನಕ್ಕೇ ಕೈಕೊಡುತ್ತದೆ.

ನಾನು ಹೊನ್ನಾವರದ ಕಡೆಯವನು. ಮನೆ ಮುಲುಂಡಿನಲ್ಲಿ, ಕೆಲಸ ದಕ್ಷಿಣ ತುದಿಯ ಫೋರ್ಟಿನಲ್ಲಿ. ಊರಿಂದ ಬಂದ ನೆಂಟರನ್ನು ಸುತ್ತಿಸುವುದು ನನಗೆ ಬಹಳ ಖುಷಿಯ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಊರು ಉತ್ತರ ದಕ್ಷಿಣಕ್ಕೆ ಉದ್ದ, ಅಗಲ ಕಡಿಮೆ. ಹಳೆಯ ಆಫೀಸುಗಳೆಲ್ಲ ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರದಲ್ಲಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ. ನೀವು ದಕ್ಷಿಣದಲ್ಲೇ ಉಳಿದುಕೊಂಡು ಬೆಳಿಗ್ಗೆ ಉತ್ತರಕ್ಕೆ ಹೋಗಿ ಸಂಜೆ ವಾಪಸ್ ಬಂದರೆ ಅದೇ ಲೋಕಲ್ ಟ್ರೇನಿನಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತದೆ. ನಾನು ಕೆಳಗೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಆದ್ದರಿಂದ ರೂಮು ಸಿಎಸ್‌ಎಂಟಿ (ಹಳೆಯ ವಿ.ಟಿ. ರೈಲು ನಿಲ್ದಾಣ) ಅಥವಾ ಫೋರ್ಟ್ ಸುತ್ತಮುತ್ತ ಮಾಡಿ. ಅಂಧೇರಿ, ವಾಶಿ ಕಡೆ ಬಾಡಿಗೆ ಕಡಿಮೆ ಅಂತ ಹೋದರೆ ಉಳಿದ ದುಡ್ಡೂ ಸಮಯವೂ ಓಡಾಟಕ್ಕೇ ಹೋಗುತ್ತದೆ. ಫೋರ್ಟಿನ ರೂಮುಗಳು ಚಿಕ್ಕವು, ದರ ಜಾಸ್ತಿ, ಅದು ನಿಜ. ಆದರೆ ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್ ಎಲ್ಲ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಮಧ್ಯಾಹ್ನ ಅತ್ತೆಯವರು ರೂಮಿಗೆ ಬಂದು ಎರಡು ತಾಸು ಕಾಲು ಚಾಚಿ ಮಲಗಬಹುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಲಿಫ್ಟ್ ಇದೆಯೇ ಅಂತ ಫೋನ್ ಮಾಡಿಯೇ ಕೇಳಿ. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದವು ಬಹಳ.

ವಾರ ನೋಡಿ ಹೊರಡಿ. ಸೋಮವಾರ ಎಲಿಫೆಂಟಾ ದ್ವೀಪದ ಗುಹೆ ಬಂದ್. ಬುಧವಾರ ರಾಣಿ ಬಾಗ್ ಎಂಬ ಸಸ್ಯೋದ್ಯಾನ ಬಂದ್. ಮಂಗಳವಾರ ಸಿದ್ಧಿವಿನಾಯಕ ದೇವಸ್ಥಾನದಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಸಂಕಷ್ಟಿಯ ದಿನವೂ ಹಾಗೇ. ಹಾಗಾಗಿ ಗುರುವಾರ ಬೆಳಿಗ್ಗೆ ಬಂದು ಭಾನುವಾರ ಹೊರಡುವ ಹಾಗೆ ಮಾಡಿಕೊಳ್ಳಿ. ನಿಮಗೆ ಕುಮಟೆಯಿಂದ ಮತ್ಸ್ಯಗಂಧ ರೈಲು ಅನುಕೂಲ. ಸಂಜೆ ಹತ್ತಿದರೆ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿಂದ ಸಾಮಾನು ಹೊತ್ತುಕೊಂಡು ಲೋಕಲ್ ಹತ್ತುವ ಸಾಹಸ ಬೇಡ. ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ, ನೀವು ಐದು. ಆ್ಯಪಿನಲ್ಲಿ ಆರು ಸೀಟಿನ ಕಾರು ಬುಕ್ ಮಾಡಿ, ಈಸ್ಟರ್ನ್ ಫ್ರೀವೇ ಮೇಲೆ ಹೋಗಲು ಹೇಳಿ. ಆಟೋರಿಕ್ಷಾ ನೆಚ್ಚಿಕೊಳ್ಳಬೇಡಿ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋ ಬರುವುದೇ ಇಲ್ಲ.

ಗುರುವಾರ ಮಧ್ಯಾಹ್ನದವರೆಗೆ ವಿಶ್ರಾಂತಿ. ಎರಡೂವರೆ ಹೊತ್ತಿಗೆ ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹಿಡಿದು ಮೂರನೇ ಸ್ಟೇಶನ್ ಭಾಯಖಳದಲ್ಲಿ ಇಳಿಯಿರಿ. ಅಲ್ಲಿ ರಾಣಿ ಬಾಗ್. ಈಗಿನ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಎಲ್ಲರೂ ಇದನ್ನು ಪ್ರಾಣಿ ಸಂಗ್ರಹಾಲಯ ಅಂತಲೇ ಹೇಳುತ್ತಾರೆ. ಮಕ್ಕಳಿಗೆ ಪೆಂಗ್ವಿನ್ ಇದೆ, ಅವರನ್ನು ಅಪ್ಪನ ಜೊತೆ ಕಳಿಸಿ. ತೋಟದವರಾದ ನೀವು ನೋಡಬೇಕಾದ್ದು ಮರಗಳನ್ನು. 1860ರ ದಶಕದ ಆರಂಭದ ಸಸ್ಯೋದ್ಯಾನ ಇದು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ನೀವು ನೋಡಿರಬಹುದಾದ ಆಫ್ರಿಕಾ ಮೂಲದ ಬಾವೋಬಾಬ್ ಇಲ್ಲೂ ಇದೆ. ನಾಗಲಿಂಗ ಇದೆ. ಬರ್ಮಾ ಮೂಲದ ಆಮ್ಹರ್ಸ್ಟಿಯಾ ಇದೆ, ಇಲ್ಲಿಯವರು ಅದನ್ನು ಉರ್ವಶಿ ಅನ್ನುತ್ತಾರೆ. ಹೂ ಬಿಟ್ಟಿದ್ದರೆ ಕೆಂಪು ಗೊಂಚಲು ಕೆಳಮುಖವಾಗಿ ಇಳಿಬಿದ್ದಿರುತ್ತದೆ, ಅದರ ಕೆಳಗೆ ಅತ್ತೆಯವರನ್ನು ನಿಲ್ಲಿಸಿ ಫೋಟೋ ತೆಗೆಯಿರಿ. ಅನೇಕ ಮರಗಳಿಗೆ ಹೆಸರಿನ ಫಲಕ ಇದೆ, ಬೆಂಚುಗಳೂ ಬೇಕಾದಷ್ಟಿವೆ. ಮಹಾನಗರ ಪಾಲಿಕೆಯ ಉದ್ಯಾನ ವಿಭಾಗದವರು ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ಇಲ್ಲೇ ಹೂವು ಮತ್ತು ಗಿಡಗಳ ಪ್ರದರ್ಶನ ಮಾಡುತ್ತಾರೆ. ನಿಮ್ಮ ದಿನಾಂಕಕ್ಕೆ ಹೊಂದಿದರೆ ಬಿಡಬೇಡಿ.

ಪಕ್ಕದಲ್ಲೇ ಭಾವು ದಾಜಿ ಲಾಡ್ ಮ್ಯೂಸಿಯಂ. ಅದರ ಹೊರಗೆ ತೋಟದಲ್ಲಿ ಒಂದು ದೊಡ್ಡ ಕಲ್ಲಾನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಟ್ಟದ್ದು ಇದೇ ಆನೆಯನ್ನು ನೋಡಿ. ಇಂಗ್ಲೆಂಡಿಗೆ ಸಾಗಿಸಲು ಹೋಗಿ ಅದು ಒಡೆದು ಚೂರಾಯಿತು. 1914ರಲ್ಲಿ ತುಂಡುಗಳನ್ನು ಜೋಡಿಸಿ ಈ ತೋಟದಲ್ಲಿ ನಿಲ್ಲಿಸಿದರು. ಮಕ್ಕಳಿಗೆ ಇದನ್ನು ಮೊದಲೇ ತೋರಿಸಿದರೆ ಮಾರನೇ ದಿನ ದ್ವೀಪಕ್ಕೆ ಹೋದಾಗ ಇಲ್ಲಿದ್ದ ಆನೆ ಅದೇ ಅಲ್ಲವೇ ಅಂತ ತಾವಾಗಿ ಹೇಳುತ್ತಾರೆ. ಸಂಜೆ ಆರರ ಹೊತ್ತಿಗೆ ಎದುರು ಪ್ಲಾಟ್‌ಫಾರ್ಮಿನಲ್ಲಿ ಜನ ನೇತಾಡುತ್ತಿರುತ್ತಾರೆ, ನೀವು ಸಿಎಸ್‌ಎಂಟಿ ಕಡೆಗೆ ಕೂತುಕೊಂಡೇ ಬರುತ್ತೀರಿ. ಇಳಿದ ಮೇಲೆ ರಸ್ತೆ ದಾಟಿ ಪಾಲಿಕೆ ಕಟ್ಟಡದ ಕಡೆ ನಿಂತು ದೀಪ ಹಚ್ಚಿದ ಸ್ಟೇಶನ್ನನ್ನು ನೋಡಿ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಕೆಲಸ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಶುಕ್ರವಾರ ಎಲಿಫೆಂಟಾ. ಮಂಡಿನೋವು ಇರುವವರಿಗೆ ಇದು ಆಗದು ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ತಾಸು. ಇಳಿದ ಮೇಲೆ ಬುಡದವರೆಗೆ ಪುಟ್ಟ ರೈಲು ಇದೆ. ಆಮೇಲೆ ಸುಮಾರು 120 ಮೆಟ್ಟಿಲು, ಎರಡೂ ಕಡೆ ಅಂಗಡಿ, ಮೇಲೆ ತಾಡಪಾಲಿನ ನೆರಳು. ಕುರ್ಚಿಯಲ್ಲಿ ಹೊತ್ತೊಯ್ಯುವ ಡೋಲಿಯವರು ಸಿಗುತ್ತಾರೆ. ಹತ್ತುವುದು ಇಳಿಯುವುದು ಎರಡೂ ಸೇರಿಸಿ ಎಷ್ಟು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ದೋಣಿ ಹತ್ತುವಾಗ ಇಳಿಯುವಾಗ ಮಾತ್ರ ಅಂಚು ಮೇಲೆ ಕೆಳಗೆ ಆಡುತ್ತಿರುತ್ತದೆ, ಅಲ್ಲಿ ಅತ್ತೆಯವರ ಎರಡೂ ಕೈ ಹಿಡಿಯಲು ಇಬ್ಬರು ಬೇಕು. ದೋಣಿಯಲ್ಲಿ ಲೈಫ್ ಜಾಕೆಟ್ ಎಲ್ಲರೂ ಹಾಕಿಕೊಳ್ಳಿ. ಯಾರೂ ಹಾಕಿಲ್ಲ ಅಂತ ನೀವು ಸುಮ್ಮನಿರಬೇಡಿ, ಕೇಳಿ ತೆಗೆದುಕೊಳ್ಳಿ.

ಬೆಳಗಿನ ಮೊದಲ ದೋಣಿಗೇ ಹೋಗಬೇಕು. ಒಂಬತ್ತಕ್ಕೆ ಮುಂಚೆ ಗೇಟ್‌ವೇಯಲ್ಲಿರಿ. ಹನ್ನೊಂದೂವರೆ ಆದಮೇಲೆ ಗುಹೆಯಲ್ಲಿ ಗದ್ದಲ. ಬೇಗ ಹೋದರೆ ಸದಾಶಿವನ ಮುಂದೆ ಸ್ವಲ್ಪ ಹೊತ್ತು ಸಮಾಧಾನವಾಗಿ ನಿಲ್ಲಲು ಸಿಗುತ್ತದೆ. ಸುಮಾರು ಇಪ್ಪತ್ತು ಅಡಿ ಎತ್ತರದ ಮೂರು ಮುಖ. ಎಡಗಡೆ ಅಘೋರ, ನಡುವೆ ಶಾಂತ ಮುಖ, ಬಲಗಡೆ ಹೂ ಹಿಡಿದ ವಾಮದೇವ. ಅವಸರ ಮಾಡದೆ ಅದರ ಎರಡೂ ಪಕ್ಕದ ಅರ್ಧನಾರೀಶ್ವರ, ಗಂಗಾಧರ ನೋಡಿ, ಆಮೇಲೆ ಶಿವ ಪಾರ್ವತಿಯರ ಮದುವೆಯ ಫಲಕ. ಎರಡನೇ ಪುಲಕೇಶಿ ಹಡಗುಗಳಿಂದ ಪುರಿಯನ್ನು ಮುತ್ತಿದ ಅಂತ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನಲ್ಲ, ಆ ಪುರಿ ಈ ಘಾರಾಪುರಿಯೇ ಅನ್ನುವ ಇತಿಹಾಸಕಾರರಿದ್ದಾರೆ. ಬಾದಾಮಿ ನೋಡಿದವರಿಗೆ ಈ ಗುಹೆ ಹೊರಗಿನದು ಅನ್ನಿಸುವುದಿಲ್ಲ. ಮಂಗಗಳಿವೆ, ತಿಂಡಿ ಕೈಯಲ್ಲಿ ಹಿಡಿದು ನಡೆಯಬೇಡಿ. ವಾಪಸಿನ ದೋಣಿಗೂ ಅದೇ ಟಿಕೆಟ್ ಕೇಳುತ್ತಾರೆ, ಜೋಪಾನ.

ಒಂದೂವರೆಯೊಳಗೆ ವಾಪಸ್ ಬಂದು ಊಟ, ನಿದ್ದೆ. ಸಂಜೆ ಐದೂವರೆಗೆ ಕಾರು ಮಾಡಿಕೊಂಡು ಮರೀನ್ ಡ್ರೈವಿನ ನಾರಿಮನ್ ಪಾಯಿಂಟ್ ತುದಿಗೆ. ಚರ್ಚ್‌ಗೇಟ್ ಸ್ಟೇಶನ್ ಮುಂದಿನಿಂದ ನಡೆದು ಹೋಗಬೇಡಿ, ಆ ಹೊತ್ತಿಗೆ ಆಫೀಸು ಬಿಟ್ಟ ಜನ ಎದುರು ನುಗ್ಗುತ್ತಾರೆ. ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿ. ಕಟ್ಟೆಯ ಮೇಲೆ ಕೂತು ನೋಡಲು ಖರ್ಚೇನೂ ಇಲ್ಲ.

ಶನಿವಾರ ಬೇಗ ಏಳಬೇಕು. ಆರು ಗಂಟೆಯ ಲೋಕಲ್‌ನಲ್ಲಿ ದಾದರ್. ಪಶ್ಚಿಮಕ್ಕೆ ಇಳಿದರೆ ಹೂವಿನ ಮಾರುಕಟ್ಟೆ. ಚೆಂಡುಹೂವಿನ ರಾಶಿ, ಸೇವಂತಿಗೆ, ಸುಗಂಧರಾಜ, ಹತ್ತಿರದ ಪಾಲ್ಘರ್ ಕಡೆಯ ರೈತರು ಬುಟ್ಟಿ ಕಟ್ಟಿ ತರುವ ಮೊಗ್ರಾ ಮಲ್ಲಿಗೆ. ಎಲ್ಲ ತೂಕದ ಲೆಕ್ಕ, ದರ ಗಂಟೆಗೊಂದು. ತಾವೇ ಬೆಳೆದು ಮಾರುವ ನಿಮಗೆ ಈ ವ್ಯಾಪಾರದ ಓಟ ನೋಡಲು ಹಿತ. ಜನ ತಳ್ಳುತ್ತಾರೆ, ಅತ್ತೆಯವರು ಮಕ್ಕಳು ರೂಮಿನಲ್ಲೇ ಇದ್ದು ಎಂಟಕ್ಕೆ ಅಣ್ಣನ (ನಿಮ್ಮ ಯಜಮಾನರ) ಜೊತೆ ನೇರ ಸಿದ್ಧಿವಿನಾಯಕಕ್ಕೆ ಬರಲಿ. ಈಗ ಮೆಟ್ರೊ 3 ಇದೆ, 2025ರ ಅಕ್ಟೋಬರಿನಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಸಿಎಸ್‌ಎಂಟಿಯಲ್ಲಿ ಹತ್ತಿ ಸಿದ್ಧಿವಿನಾಯಕ ಎಂಬ ಸ್ಟೇಶನ್ನಿನಲ್ಲೇ ಇಳಿಯುವುದು. ಲಿಫ್ಟ್ ಇದೆ, ಎಸಿ ಇದೆ. ವಯಸ್ಸಾದವರ ಪಾಲಿಗೆ ಈ ಊರಲ್ಲಿ ಇತ್ತೀಚೆಗೆ ಆದ ಅತಿ ಒಳ್ಳೆಯ ಕೆಲಸ ಇದು.

ದರ್ಶನ ಮುಗಿಸಿ ಮಾತುಂಗಾಕ್ಕೆ ಬನ್ನಿ. ಇಲ್ಲಿ ನಿಮ್ಮ ಅತ್ತೆಯವರಿಗೆ ಹಿಂದಿ ಬೇಡ. ಕನ್ನಡ, ತುಳು, ಕೊಂಕಣಿ, ತಮಿಳು ಎಲ್ಲ ನಡೆಯುತ್ತದೆ. ಸ್ಟೇಶನ್ ಎದುರಿನ ಮಾರುಕಟ್ಟೆ ಕಟ್ಟಡದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಲೆ ಊಟ. ಒಂದು ಮಹಡಿ ಹತ್ತಬೇಕು. ಕಷ್ಟ ಅನ್ನಿಸಿದರೆ ಕಿಂಗ್ಸ್ ಸರ್ಕಲ್ ಹತ್ತಿರ ಕೆಫೆ ಮದ್ರಾಸ್ ನೆಲಮಹಡಿಯಲ್ಲೇ ಇದೆ, ಶನಿವಾರ ಹೊರಗೆ ಕಾಯಬೇಕು ಅಷ್ಟೇ. ಊಟದ ಮೇಲೆ ಅಲ್ಲಿಯ ಬಜಾರಿನಲ್ಲಿ ಒಂದು ಸುತ್ತು ಹಾಕಿ. ಬಾಳೆಲೆ, ವೀಳ್ಯದೆಲೆ, ಮಂಗಳೂರು ಸೌತೆ ಇಲ್ಲಿ ಯಾವ ದರಕ್ಕೆ ಹೋಗುತ್ತದೆ ನೋಡಿ, ನಿಮ್ಮ ತೋಟದಲ್ಲಿ ಸಿಗುವ ದರ ನೆನಪಾಗಿ ಸಂಕಟವಾಗುತ್ತದೆ. ಭಾವು ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ, ಕನ್ನಡ ನಾಟಕ, ಉಪನ್ಯಾಸ ನಡೆಯುತ್ತಿರುತ್ತವೆ. ಬಿಸಿಲು ಇಳಿಯುವವರೆಗೆ ಫೈವ್ ಗಾರ್ಡನ್ಸ್‌ನ ಮರಗಳ ಕೆಳಗೆ ಕೂತಿರಿ. ಅಂದು ಇಷ್ಟು ಸಾಕು.

ಭಾನುವಾರ ಬೆಳಿಗ್ಗೆ ಫೋರ್ಟ್ ಖಾಲಿ. ವಾರವಿಡೀ ತುಂಬಿ ತುಳುಕುವ ರಸ್ತೆಯಲ್ಲಿ ನಿಧಾನ ನಡೆಯಬಹುದು. ಓವಲ್ ಮೈದಾನದ ಒಂದು ಕಡೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ. ಇನ್ನೊಂದು ಕಡೆ 1930ರ ದಶಕದ ಆರ್ಟ್ ಡೆಕೊ ಮನೆಗಳು. ನಡುವೆ ಹತ್ತಾರು ಕ್ರಿಕೆಟ್ ಪಂದ್ಯ ಒಟ್ಟಿಗೆ ನಡೆಯುತ್ತಿರುತ್ತವೆ, ನಿಮ್ಮ ಮಗ ಅಲ್ಲಿಂದ ಕದಲುವುದಿಲ್ಲ. ಸಮಯ ಇದ್ದರೆ ಕಾರಿನಲ್ಲಿ ವಾಲ್ಕೇಶ್ವರದ ಬಾಣಗಂಗಾ ಕೆರೆ. ಸಮುದ್ರ ಪಕ್ಕದಲ್ಲೇ ಇದ್ದರೂ ನೀರು ಸಿಹಿ. ಅಲ್ಲಿಯ ದೇವಸ್ಥಾನವನ್ನು 1715ರಲ್ಲಿ ಮತ್ತೆ ಕಟ್ಟಿಸಿದವರು ಗೌಡ ಸಾರಸ್ವತ ವ್ಯಾಪಾರಿ ರಾಮ ಕಾಮತಿ. ಮತ್ಸ್ಯಗಂಧ ಮಧ್ಯಾಹ್ನ ಮೂರು ದಾಟಿ ಹೊರಡುತ್ತದೆ, ಒಂದಕ್ಕೆಲ್ಲ ರೂಮು ಬಿಡಿ. ಕುಮಟೆ ತಲುಪುವುದು ನಡುರಾತ್ರಿ ಕಳೆದು, ಘಟ್ಟ ಹತ್ತಲು ಕಾರಿಗೆ ಮೊದಲೇ ಹೇಳಿಡಿ.

ನೋಡಬೇಕು ಅಂತ ನೀವು ಬರೆದ ಪಟ್ಟಿಯ ಜುಹೂ, ನಟರ ಮನೆ, ಫಿಲ್ಮ್ ಸಿಟಿ ಬಿಟ್ಟುಬಿಡಿ. ಗೇಟಿನ ಹೊರಗೆ ನಿಂತು ಬರುವುದಕ್ಕೆ ಅರ್ಧ ದಿನ ಹೋಗುತ್ತದೆ. ಇಮ್ಯಾಜಿಕಾ ಎಂಬ ಆಟದ ಪಾರ್ಕು ಖೋಪೋಲಿ ಹತ್ತಿರ, ಅದು ಮುಂಬಯಿಯೇ ಅಲ್ಲ. ಐದನೇ ದಿನ ಸಿಕ್ಕರೆ ಐರೋಳಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ಥಾಣೆ ಖಾರಿಯಲ್ಲಿ ದೋಣಿ ಇದೆ. ಫೆಬ್ರವರಿಯಲ್ಲಿ ರಾಜಹಂಸಗಳು, ಅಂದರೆ ಫ್ಲೆಮಿಂಗೊ, ಸಾವಿರಗಟ್ಟಲೆ. ಅಘನಾಶಿನಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಗೊತ್ತಿರುವ ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ. ದೋಣಿಯ ಹೊತ್ತು ಭರತ ಇಳಿತದ ಮೇಲೆ ನಿಂತಿದೆ, ಮುಂಗಡ ಬುಕ್ ಮಾಡಲೇಬೇಕು.

ಲೋಕಲ್ ಬಗ್ಗೆ ಇಷ್ಟು. ಟಿಕೆಟನ್ನು ರೈಲ್‌ಒನ್ ಆ್ಯಪಿನಲ್ಲಿ ತೆಗೆಯಿರಿ. ಎಲ್ಲರೂ ಒಂದೇ ಡಬ್ಬಿಗೆ ಹತ್ತಿ, ನೀವು ಹೆಂಗಸರ ಡಬ್ಬಿಗೆ, ಅಣ್ಣ ಬೇರೆ ಕಡೆ ಅಂತ ಆಗುವುದು ಬೇಡ. ಯಾರಾದರೂ ಹತ್ತಲಾಗದೆ ಉಳಿದರೆ ಅವರು ಅಲ್ಲೇ ನಿಲ್ಲಬೇಕು, ಹತ್ತಿದವರು ಮುಂದಿನ ಸ್ಟೇಶನ್ನಿನಲ್ಲಿ ಇಳಿದು ವಾಪಸ್ ಬರಬೇಕು. ಮಕ್ಕಳಿಗೆ ಇದನ್ನು ಮನೆಯಲ್ಲೇ ಬಾಯಿಪಾಠ ಮಾಡಿಸಿ, ಇಬ್ಬರ ಜೇಬಿನಲ್ಲೂ ನಿಮ್ಮ ನಂಬರ್ ಬರೆದ ಚೀಟಿ ಇಡಿ. ಭಾನುವಾರ ಮೆಗಾ ಬ್ಲಾಕ್ ಅಂತ ಹಗಲು ಹೊತ್ತು ಹಳಿ ದುರಸ್ತಿ ಇರುತ್ತದೆ, ಅಂದು ಕಾರನ್ನೇ ನೆಚ್ಚಿ.

ಸ್ವೆಟರ್ ಬೇಡ, ಹತ್ತಿ ಬಟ್ಟೆ, ಟೊಪ್ಪಿ, ಅತ್ತೆಯವರಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಕೊಂಕಣ ದಾರಿಯ ಸೀಟು ಬೇಗ ಮುಗಿಯುತ್ತದೆ, ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳಿಯೇ ಹಾಕಿ. ದಿನಾಂಕ ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ. ರಾಣಿ ಬಾಗಿನ ಪ್ರದರ್ಶನ ಯಾವಾಗ ಅಂತ ವಿಚಾರಿಸಿ ಹೇಳುತ್ತೇನೆ, ಶನಿವಾರ ನನಗೆ ರಜೆ, ದಾದರ್ ಮಾರುಕಟ್ಟೆಗೆ ನಾನೇ ಬರುತ್ತೇನೆ.