ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು) ಇದೆ, ಈಗ ನಾಲ್ಕು ತಿಂಗಳ ಬಸುರಿ. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಜಾಸ್ತಿ ಬಂದಿದೆ. ರೋಗ ಮತ್ತೆ ಬಂತಾ? ಅತ್ತೆ ಮೆಸಲಮೈನ್ ಗುಳಿಗೆ ನಿಲ್ಲಿಸು ಅಂತಾರೆ, ಏನು ಮಾಡಲಿ?

ನನಗೂ ಇದೇ ಕಾಯಿಲೆ. ಮನೆ ಬದಿಯಡ್ಕದ ಹತ್ತಿರ. ಮಗುವಿಗೆ ಈಗ ಎರಡು ವರ್ಷ. ಬಸುರಿಯಾಗಿದ್ದಾಗ ನನ್ನ ರಿಪೋರ್ಟಿನಲ್ಲೂ ಇಎಸ್‌ಆರ್ (ಅದೂ ಉರಿಯೂತದ ರಕ್ತಪರೀಕ್ಷೆಯೇ), ಸಿಆರ್‌ಪಿ ಎರಡೂ ಮೇಲೆ, ಹಿಮೋಗ್ಲೋಬಿನ್ ಕೆಳಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಂಗಳೂರಿಗೆ ಹೋದೆ. ಡಾಕ್ಟರು ರಿಪೋರ್ಟ್ ಬದಿಗಿಟ್ಟು, "ದಿನಕ್ಕೆ ಎಷ್ಟು ಸಲ ಹೋಗ್ತೀರಿ? ರಕ್ತ ಬೀಳ್ತದಾ?" ಅಂತ ಕೇಳಿದರು. ನೀವೂ ಮೊದಲು ಅದನ್ನೇ ನೋಡಿಕೊಳ್ಳಿ. ರಕ್ತ ಬೀಳುತ್ತಿದ್ದರೆ ಕಾಯಬೇಡಿ, ಇಂದೇ ಫೋನ್ ಮಾಡಿ.

ಕಾಯಿಲೆ ಇಲ್ಲದ ಬಸುರಿಯರಲ್ಲೂ ಇಎಸ್‌ಆರ್ ಏರುತ್ತದೆ, ಸಿಆರ್‌ಪಿಯೂ ತುಸು ಏರಬಹುದು. ರಕ್ತದಲ್ಲಿ ನೀರಿನಂಶ ಹೆಚ್ಚಾಗಿ ಹಿಮೋಗ್ಲೋಬಿನ್, ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯುತ್ತವೆ. ಬರೀ ರಕ್ತ ನೋಡಿ ಕರುಳಿನ ಸ್ಥಿತಿ ಹೇಳಲಾಗದು.

ಅದಕ್ಕೆ ಮಲದ ಪರೀಕ್ಷೆ ಬೇಕು, ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಅಂತ. ಕರುಳಿನ ಗೋಡೆಯಲ್ಲಿ ಉರಿಯೂತ ಇದ್ದರೆ ಅಲ್ಲಿಗೆ ಬಿಳಿ ರಕ್ತಕಣ ನುಗ್ಗುತ್ತವೆ, ಅವುಗಳ ಪ್ರೋಟೀನ್ ಮಲದಲ್ಲಿ ಇಳಿಯುತ್ತದೆ. ಬಸಿರಿನಲ್ಲೂ ಈ ಲೆಕ್ಕವನ್ನು ನಂಬಬಹುದು. ಸಾಮಾನ್ಯವಾಗಿ ಒಂದು ಗ್ರಾಂ ಮಲದಲ್ಲಿ 150 ಮೈಕ್ರೋಗ್ರಾಂ ಒಳಗಿದ್ದರೆ ನೆಮ್ಮದಿ, 250 ದಾಟಿದರೆ ಡಾಕ್ಟರು ಮದ್ದಿನ ಬಗ್ಗೆ ಯೋಚಿಸುತ್ತಾರೆ. ನನಗೆ 80 ಬಂತು. ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿಸಿದೆ. ಡಬ್ಬಿ ಹಿಡಿದು ಬಸ್ಸು ಹತ್ತಲು ಸಂಕೋಚ ಆಗುತ್ತದೆ, ಆದರೂ ಬಿಡಬೇಡಿ.

ಕರುಳಿನ ಗೋಡೆ ದಪ್ಪ ಆಗಿದೆಯಾ ಅಂತ ಅಲ್ಟ್ರಾಸೌಂಡಿನಲ್ಲೂ ನೋಡುತ್ತಾರೆ. ಐದು ತಿಂಗಳು ಕಳೆದರೆ ಗರ್ಭಕೋಶ ಅಡ್ಡ ಬಂದು ಕಷ್ಟ. ಬೇಕಿದ್ದರೆ ಈಗಲೇ ಕೇಳಿ. ತೀರಾ ಅಗತ್ಯ ಬಿದ್ದರೆ ಮಾತ್ರ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಕೊನೆಯ ಭಾಗ ಮಾತ್ರ ನೋಡುವ ಸಣ್ಣ ಸ್ಕೋಪ್, ಸಿಗ್ಮಾಯ್ಡೋಸ್ಕೋಪಿ.

ಇನ್ನು ಅತ್ತೆಯ ಮಾತು. ಅವರದು ಮಗುವಿನ ಮೇಲಿನ ಕಾಳಜಿ, ಅದು ಅರ್ಥವಾಗುತ್ತದೆ. ಆದರೆ ನೀವು ತೆಗೆದುಕೊಳ್ಳುವ ಮೆಸಲಮೈನ್ ಬಸಿರಿನಲ್ಲಿ ಮುಂದುವರಿಸುವ ಮದ್ದೇ. ಅದನ್ನು ಬಿಟ್ಟು ರೋಗ ಕೆರಳಿದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವ, ಮಗುವಿನ ತೂಕ ಕಡಿಮೆ ಆಗುವ ಅಪಾಯ ಹೆಚ್ಚು. ಬಸಿರಿನಲ್ಲಿ ಕೂಡದ ಮದ್ದುಗಳೂ ಇವೆ, ಮೆಥೊಟ್ರೆಕ್ಸೇಟ್ ಅಂಥದ್ದು. ಮುಂದಿನ ಸಲ ಅತ್ತೆಯನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಹಾಗೆ ಮಾಡಿದೆ. ಆಮೇಲೆ ಗುಳಿಗೆಯ ಹೊತ್ತು ನೆನಪಿಸುತ್ತಿದ್ದದ್ದು ಅವರೇ.

ಇನ್ನೊಂದು ವಿಷಯ. ಮುಂದೆ ಈ ಕಾಯಿಲೆಗೇ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ ಇಂಜೆಕ್ಷನ್ ಶುರು ಮಾಡಿದರೆ ಅದನ್ನು ತಾಯಿ ಕಾರ್ಡಿನಲ್ಲಿ ದೊಡ್ಡದಾಗಿ ಬರೆಸಿ. ನಮ್ಮಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕುತ್ತಾರೆ, ಅದು ಜೀವಂತ ಲಸಿಕೆ. ರೋಗನಿರೋಧಕ ಶಕ್ತಿ ತಗ್ಗಿಸುವ ಆ ಇಂಜೆಕ್ಷನ್ನಿನ ಮದ್ದು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಬಿಸಿಜಿಯನ್ನು ಆರು ತಿಂಗಳಾದರೂ ಮುಂದೂಡಬೇಕಾಗುತ್ತದೆ. ಹೆರಿಗೆ ಕೋಣೆಯ ನರ್ಸಿಗೂ ಬಾಯಿಬಿಟ್ಟು ಹೇಳಿ.