ಕನ್ನಡಿಯೊಳಗಿನ ಗಂಟು

ಪ್ರಶ್ನೆ: ಕೋಣೆಯೊಂದರ 200 ಫೋಟೊ ತೆಗೆದು ಗೌಸಿಯನ್ ಸ್ಪ್ಲಾಟಿಂಗ್‌ನಲ್ಲಿ (ಫೋಟೊಗಳಿಂದ ದೃಶ್ಯವನ್ನು ಅಸಂಖ್ಯ ಮಸುಕು ಬಣ್ಣದ ಚುಕ್ಕೆಗಳಾಗಿ ಕಟ್ಟುವ ವಿಧಾನ) 3ಡಿ ಮಾಡಿದೆ. ನಿಲುವುಗನ್ನಡಿಯ ಹಿಂದೆ ಇನ್ನೊಂದು ಕೋಣೆ ಹುಟ್ಟಿಕೊಂಡಿದೆ! ಪಕ್ಕದಿಂದ ನೋಡಿದರೆ ಬರೀ ಮಂಜು. ಏನು ಮಾಡಲಿ?

ಉತ್ತರ: ಸಾಫ್ಟ್‌ವೇರ್ ಕೆಟ್ಟಿಲ್ಲ, ಲೆಕ್ಕ ಸರಿಯಾಗಿಯೇ ಮಾಡಿದೆ. ಚಪ್ಪಟೆ ಕನ್ನಡಿಯ ಮುಂದೆ 2 ಮೀಟರ್ ದೂರದ ಕುರ್ಚಿಯ ಬಿಂಬ ಹಿಂದೆಯೂ 2 ಮೀಟರ್ ಆಳದಲ್ಲಿರುತ್ತದೆ. ನೀವೆಲ್ಲಿ ನಿಂತರೂ ಆ ಜಾಗ ಕದಲದು. ಫೋಟೊಗಳನ್ನು ಹೋಲಿಸಿ ಆಳ ಕಂಡುಹಿಡಿಯುವ ಸಾಫ್ಟ್‌ವೇರ್‌ಗೆ ಅದು ನಿಜವಾದ ಕುರ್ಚಿಯೇ. ಗೋಡೆಯ ಆಚೆ ಬದಿಯ ಫೋಟೊಗಳೂ ಇದ್ದರೆ ಅಲ್ಲಿ ಕುರ್ಚಿ ಇಲ್ಲವೆಂಬ ಸಾಕ್ಷಿ ಸಿಗುತ್ತದೆ. ಎರಡನ್ನೂ ಒಪ್ಪಿಸಲು ಹೋಗಿ ಅರೆಪಾರದರ್ಶಕ ಮಂಜು ತುಂಬುತ್ತದೆ. ಬಾಗಿದ ಕನ್ನಡಿಯಾದರೆ ಇನ್ನೂ ಕಷ್ಟ: ಕ್ಯಾಮೆರಾ ಸರಿದಂತೆ ಬಿಂಬವೂ ಸರಿಯುವುದರಿಂದ ಒಂದು ಜಾಗವೇ ನಿಲ್ಲದು.

ಸ್ಪ್ಲಾಟ್‌ನ, ಅಂದರೆ ಆ ಒಂದೊಂದು ಚುಕ್ಕೆಯ, ಬಣ್ಣ ನೋಡುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತದಲ್ಲ ಎನ್ನಬಹುದು. ಆದರೆ ಆ ಬದಲಾವಣೆಯನ್ನು ಹಿಡಿದಿಡಲು ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಸಾಮಾನ್ಯವಾಗಿ 16 ಸಂಖ್ಯೆಗಳಷ್ಟೇ ಇರುವುದು. ಪಾಲಿಶ್ ಮಾಡಿದ ಮರದ ಹೊಳಪಿಗೆ ಅಷ್ಟು ಸಾಕು, ಕನ್ನಡಿಯ ಚೂಪಾದ ಬಿಂಬಕ್ಕೆ ಸಾಲದು.

ಮತ್ತೆ ಫೋಟೊ ತೆಗೆಯಲು ಸಾಧ್ಯವಿದ್ದರೆ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿ, ಕೊನೆಯ ಫೋಟೊವರೆಗೂ ತೆಗೆಯಬೇಡಿ. ಬಿಳಿ ಬಟ್ಟೆ ಬೇಡ; ಹೋಲಿಸಲು ಅದರಲ್ಲಿ ಗುರುತುಗಳೇ ಇರುವುದಿಲ್ಲ. ಕಾಗದ ಸುಕ್ಕಿಲ್ಲದಿರಲಿ, ಕನ್ನಡಿಯ ತಲ ಗೊತ್ತಾಗುವುದು ಅದರಿಂದಲೇ. ಆಮೇಲೆ ದೃಶ್ಯವನ್ನು ಮೆಶ್ (ತ್ರಿಕೋನಗಳ ಬಲೆಯಂಥ ಮೇಲ್ಮೈ) ಆಗಿಸಿ, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಅದೇ ಜಾಗಕ್ಕೆ ಒಂದು ಪ್ಲೇನ್ (ಚಪ್ಪಟೆ ಹಾಳೆ) ಇಟ್ಟು, ಕನ್ನಡಿಯಂತೆ ಹೊಳೆಯಲು ಮೆಟಾಲಿಕ್ 1, ರಫ್‌ನೆಸ್ 0 ಮಾಡಿ.

ಹಳೆಯ ಫೋಟೊಗಳನ್ನೇ ಬಳಸುವುದಾದರೆ ಗಾಜಿನ ಭಾಗಕ್ಕೆ ಮಾಸ್ಕ್ ಹಾಕಿ (ಆ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮುಚ್ಚಿ), ಚೌಕಟ್ಟನ್ನು ಮಾತ್ರ ಮುಚ್ಚಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಫೋಟೊಗಳನ್ನು ಹೋಲಿಸುವ ಕೋಲ್‌ಮ್ಯಾಪ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟ ಮಾಸ್ಕ್ ಕ್ಯಾಮೆರಾಗಳ ಸ್ಥಾನ ಹುಡುಕುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಆಮೇಲಿನ ಟ್ರೈನಿಂಗ್‌ಗೂ (ಫೋಟೊಗಳಿಗೆ ಹೊಂದುವಂತೆ ಸ್ಪ್ಲಾಟ್‌ಗಳನ್ನು ತಿದ್ದುವ ಹಂತ) ಬೇರೆಯಾಗಿ ಕೊಡದಿದ್ದರೆ ಹಿಂದಿನ ಕೋಣೆ ಮತ್ತೆ ಎದ್ದುಬರುತ್ತದೆ. ಅಂದಹಾಗೆ, ಕ್ಯಾಮೆರಾ ಲೆನ್ಸ್‌ಗೆ ಹಾಕುವ ಪೋಲರೈಸರ್ ಫಿಲ್ಟರ್ ಕಿಟಕಿ ಗಾಜಿನ ಪ್ರತಿಫಲನವನ್ನು ತಗ್ಗಿಸೀತು. ಕನ್ನಡಿಯ ಲೋಹದ ಲೇಪನದ ಮುಂದೆ ಅದರ ಆಟ ನಡೆಯದು.

ಪ್ರಶ್ನೆ: ಗೇಮ್‌ನಲ್ಲಿ ಕೆರೆಯ ನೀರಲ್ಲಿ ಬೆಟ್ಟದ ಬಿಂಬ ಚೆನ್ನಾಗಿರುತ್ತದೆ. ಕ್ಯಾಮೆರಾ ಕೆಳಗೆ ತಿರುಗಿಸಿದೊಡನೆ ಮಾಯ. ಏಕೆ?

ಉತ್ತರ: ಅದು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್. ಆಗಲೇ ಪರದೆಯ ಮೇಲೆ ಮೂಡಿರುವ ಪಿಕ್ಸೆಲ್‌ಗಳನ್ನೇ ನೀರಿಗೂ ಎರವಲು ಪಡೆಯುತ್ತದೆ. ಬೆಟ್ಟ ಪರದೆಯಿಂದಾಚೆ ಸರಿದರೆ ಎರವಲು ತರಲು ಏನೂ ಉಳಿಯದು. ಸೆಟ್ಟಿಂಗ್ಸ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನೇ ಲೆಕ್ಕ ಹಾಕುವ ವಿಧಾನ) ಇದ್ದರೆ ಆನ್ ಮಾಡಿ ನೋಡಿ. ಫ್ರೇಮ್ ರೇಟ್ ಮಾತ್ರ ಕುಸಿಯುತ್ತದೆ.