ಕಾಣದ ಗ್ರಹವನ್ನು ಇದೆ ಎನ್ನುವುದು ಹೇಗೆ?

ಪ್ರಶ್ನೆ: 51 ಪೆಗಾಸಿ ಎಂಬ ನಕ್ಷತ್ರವನ್ನು ಸುತ್ತುವ ದೈತ್ಯ ಗ್ರಹವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದು ಬರೀ ಊಹೆಯಲ್ಲವೇ?

ಊಹೆಯಲ್ಲ, ಅಳತೆ. ತಿಂಗಳಿಗೊಮ್ಮೆಯಾದರೂ ಇದೇ ಪ್ರಶ್ನೆ ಬರುವುದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇದರ ಬುನಾದಿ ಡಾಪ್ಲರ್ ಪರಿಣಾಮ: ಬೆಳಕಿನ ಮೂಲ ನಮ್ಮತ್ತ ಬಂದರೆ ಬೆಳಕಿನ ತರಂಗಾಂತರ (ಅಲೆಯ ಉದ್ದ) ಕುಗ್ಗುತ್ತದೆ, ದೂರ ಸರಿದರೆ ಹಿಗ್ಗುತ್ತದೆ. ಹೆಚ್ಚಿನ ವಿವರ ಪಿಯುಸಿ ಪುಸ್ತಕದಲ್ಲಿ ನೋಡಿಕೊಳ್ಳಿ.

ಗ್ರಹದ ಸೆಳೆತಕ್ಕೆ ಈ ನಕ್ಷತ್ರ ನಮ್ಮತ್ತ ಬರುತ್ತದೆ, ಹಿಂದೆ ಸರಿಯುತ್ತದೆ. ವೇಗ ಸೆಕೆಂಡಿಗೆ ಸುಮಾರು 56 ಮೀಟರ್. ಅಷ್ಟಕ್ಕೆ ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ನಕ್ಷತ್ರದ ಬೆಳಕಿನ) ಕಪ್ಪು ಗೆರೆ ಜರುಗುವುದು ತರಂಗಾಂತರದ 50 ಲಕ್ಷದಲ್ಲೊಂದು ಪಾಲು. ಒಂದೇ ಗೆರೆ ನೋಡಿದರೆ ಏನೂ ತಿಳಿಯದು. ಹಾಗಾಗಿ ಸ್ವಿಸ್ ಖಗೋಳಜ್ಞರಾದ ಮಿಷೆಲ್ ಮೇಯರ್, ದಿದಿಯೇ ಕೆಲೋಜ್ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕಕ್ಕೆ ಎಲೋಡಿ ಎಂಬ ರೋಹಿತಮಾಪಕ ಜೋಡಿಸಿ, ಸಾವಿರಾರು ಗೆರೆಗಳನ್ನು ಒಟ್ಟಿಗೆ ತಾಳೆ ನೋಡಿದರು. ಅದಕ್ಕೆ ಎರಡು ಗಾಜಿನ ಎಳೆ: ಒಂದರಲ್ಲಿ ನಕ್ಷತ್ರದ ಬೆಳಕು, ಇನ್ನೊಂದರಲ್ಲಿ ಥೋರಿಯಂ ದೀಪದ್ದು. ಉಪಕರಣದ ಉಷ್ಣತೆಯೋ ಒತ್ತಡವೋ ಬದಲಾದರೆ ದೀಪದ ಗೆರೆಗಳೂ ಜರುಗುತ್ತವೆ, ಅಷ್ಟನ್ನು ಕಳೆಯಬೇಕು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿರುವುದನ್ನೂ ಕಳೆಯಬೇಕು, ಇಲ್ಲದಿದ್ದರೆ 56 ಮೀಟರ್ ಅದರಲ್ಲೇ ಮುಳುಗಿಹೋಗುತ್ತದೆ. ಇಷ್ಟೆಲ್ಲ ಕಳೆದ ಮೇಲೂ ವೇಗ 4.23 ದಿನಕ್ಕೊಮ್ಮೆ ತಪ್ಪದೆ ಏರಿಳಿಯುತ್ತಿತ್ತು. ಗ್ರಹ ಒಂದು ಸುತ್ತು ಬರುವ ಕಾಲ ಅದೇ; ಇಷ್ಟು ಬೇಗ ಸುತ್ತಬೇಕಾದರೆ ತೀರ ಹತ್ತಿರವಿರಬೇಕು. ಅಂದರೆ ಗ್ರಹ ನಕ್ಷತ್ರದಿಂದ ಬರೀ 78 ಲಕ್ಷ ಕಿ.ಮೀ. ದೂರದಲ್ಲಿದೆ.

1995ರಲ್ಲಿ ಇವರು ಇದನ್ನು ಪ್ರಕಟಿಸಿದಾಗ ಅನುಮಾನಪಟ್ಟವರು ದಡ್ಡರಲ್ಲ. ನಕ್ಷತ್ರವೇ ಮಿಡಿಯುತ್ತಿರಬಹುದಲ್ಲ ಎಂದರು. ಹಾಗಿದ್ದರೆ ಗೆರೆಯ ಆಕಾರವೂ ಅದೇ ಲಯದಲ್ಲಿ ಬದಲಾಗಬೇಕಿತ್ತು. ಮುಂದಿನ ಸೂಕ್ಷ್ಮ ವೀಕ್ಷಣೆಗಳಲ್ಲಿ ಅಂಥದ್ದೇನೂ ಸಿಗಲಿಲ್ಲ. 2019ರಲ್ಲಿ ಮೇಯರ್, ಕೆಲೋಜ್ ಇಬ್ಬರಿಗೂ ನೊಬೆಲ್ ಬಂತು.

ಈ ವಿಧಾನ ಕೊಡುವುದು ಕನಿಷ್ಠ ದ್ರವ್ಯರಾಶಿಯನ್ನು: ಗುರುವಿನ ಸುಮಾರು ಅರ್ಧ. ಏಕೆಂದರೆ ನಮಗೆ ತಿಳಿಯುವುದು ನಮ್ಮತ್ತ ಬರುವ-ಸರಿಯುವ ವೇಗ ಮಾತ್ರ; ಕಕ್ಷೆ ನಮ್ಮ ನೋಟಕ್ಕೆ ವಾಲಿದ್ದಷ್ಟೂ ನಿಜವಾದದ್ದು ಹೆಚ್ಚು. ಗ್ರಹ ನಕ್ಷತ್ರದ ಮುಂದೆ ಹಾಯುವುದಿಲ್ಲ, ಹಾಗಾಗಿ ಅದರ ಅಗಲವನ್ನು ನೇರವಾಗಿ ಅಳೆಯಲಾಗದು. ಯೂಟ್ಯೂಬಿನಲ್ಲಿ ಓಡಾಡುವ ಬಣ್ಣಬಣ್ಣದ 'ಫೋಟೋ' ಚಿತ್ರಕಾರನ ಕೈಚಳಕ, ಅಷ್ಟೇ.

ಪ್ರಶ್ನೆ: ಅಲ್ಲಿ ಮನುಷ್ಯರು ಇರಬಹುದೇ?

ಸುಮಾರು ಸಾವಿರ ಡಿಗ್ರಿ ಕಾದ ಅನಿಲದ ಗೋಳ. ಮುಂದಿನ ಪ್ರಶ್ನೆ.

ಪ್ರಶ್ನೆ: ಅದು ಪೂರ್ವಾಭಾದ್ರದ ಹತ್ತಿರವಿದೆಯಂತೆ. ಆ ನಕ್ಷತ್ರದವರು ಶಾಂತಿ ಮಾಡಿಸಬೇಕೆಂದು ಟಿ.ವಿ. ಜ್ಯೋತಿಷಿ ಹೇಳಿದರು.

50 ಜ್ಯೋತಿರ್ವರ್ಷ ದೂರವಿದೆ. ಆ ದುಡ್ಡಿಗೆ ಬೈನಾಕ್ಯುಲರ್ ಕೊಳ್ಳಿ.

ಪ್ರಶ್ನೆ: ನಾವೂ ನೋಡಬಹುದೇ?

ನಕ್ಷತ್ರವನ್ನು ನೋಡಬಹುದು. ಅಕ್ಟೋಬರ್ ಕೊನೆಗೆ ರಾತ್ರಿ 9ರ ಸುಮಾರಿಗೆ, ಬೆಂಗಳೂರಿನಲ್ಲಿ ನೆತ್ತಿಗಿಂತ ತುಸು ಉತ್ತರಕ್ಕೆ. ಪೂರ್ವಾಭಾದ್ರದ ಜೋಡಿ ತಾರೆಗಳ ನಡುಮಧ್ಯದಿಂದ ಪಶ್ಚಿಮಕ್ಕೆ ಒಂದೂವರೆ ಡಿಗ್ರಿ ಸರಿಯಿರಿ. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 5.5, ಊರೊಳಗೆ ಬರಿಗಣ್ಣಿಗೆ ಸಿಗದು. 7×50 ಬೈನಾಕ್ಯುಲರ್ ಸಾಕು. ಎಂಟಿಂಚಿನ ದೂರದರ್ಶಕದಲ್ಲಿ ಗ್ರಹವೂ ಕಾಣುತ್ತದೆ ಎಂದು ಅಂಗಡಿಯವನು ಹೇಳಿದರೆ ಬೇರೆ ಅಂಗಡಿ ನೋಡಿಕೊಳ್ಳಿ.